ಕ್ಯಾರವಾನಿನೊಳಗೆ ಯಕ್ಷಗಾನ: ಮಹಬೂಲಾದಿಂದ ಮರಳುಗಾಡಿಗೆ

ದೀಪಾವಳಿ ಕಳೆದು ನವೆಂಬರ್ ನಡುವಿಗೆ ಬರುವಾಗ ಕರಾವಳಿಯ ಯಕ್ಷಗಾನ ಮೇಳಗಳು ಒಂದೊಂದಾಗಿ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಕುವೈತಿನ ಜನರೂ ಗಂಟುಮೂಟೆ ಕಟ್ಟಿಕೊಂಡು ಮರಳುಗಾಡಿನ ಕಡೆ ಮುಖ ಮಾಡುತ್ತಾರೆ. ಅಲ್ಲಿನ ಕ್ಯಾಂಪಿಂಗ್ ಋತು ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ಈ ನಾಲ್ಕು ತಿಂಗಳು ಕುವೈತ್ ಮುನಿಸಿಪಾಲಿಟಿ ಗೊತ್ತುಮಾಡಿದ ಜಾಗಗಳಲ್ಲಿ ಡೇರೆ, ಕ್ಯಾರವಾನ್, ತಾತ್ಕಾಲಿಕ ಕ್ಯಾಬಿನ್ನುಗಳ ಊರೇ ಏಳುತ್ತದೆ. ಹೆದ್ದಾರಿ, ಹೈಟೆನ್ಷನ್ ಲೈನು, ತೈಲ ಘಟಕಗಳಿಂದ ದೂರವಿರಬೇಕು, ಸಿಮೆಂಟಿನ ಕಟ್ಟಡ ಎಬ್ಬಿಸಕೂಡದು, ಋತು ಮುಗಿದ ಮೇಲೆ ಎಲ್ಲವನ್ನೂ ತೆರವು ಮಾಡಬೇಕು ಎಂಬುದು ನಿಯಮ.

ಕುವೈತ್ ನಗರದಿಂದ ದಕ್ಷಿಣಕ್ಕೆ, ಫಹಾಹೀಲ್ ಎಕ್ಸ್‌ಪ್ರೆಸ್ ರಸ್ತೆಗೂ ಸಮುದ್ರಕ್ಕೂ ನಡುವೆ ಇರುವುದು ಮಹಬೂಲಾ. ಅಹ್ಮದಿ ಪ್ರಾಂತ್ಯಕ್ಕೆ ಸೇರಿದ, ಒಂದಕ್ಕೊಂದು ಒತ್ತಿಕೊಂಡು ನಿಂತ ಅಪಾರ್ಟ್‌ಮೆಂಟುಗಳ ಬಡಾವಣೆ. ತೈಲ ಕಂಪನಿಗಳ ಗುತ್ತಿಗೆ ಕೆಲಸ, ಆಸ್ಪತ್ರೆ, ಅಂಗಡಿ, ಕಚೇರಿಗಳಲ್ಲಿ ದುಡಿಯುವ ಹೊರದೇಶದವರೇ ಇಲ್ಲಿ ಹೆಚ್ಚು. ಅಬು ಹಲೀಫಾ, ಮಂಗಾಫ್, ಫಹಾಹೀಲ್‌ಗಳ ಹಾಗೆ ಇಲ್ಲಿಯೂ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಿವೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣಕ್ಕೆ ಮಹಬೂಲಾ ಮತ್ತು ಜಲೀಬ್ ಅಲ್ ಶುಯೂಖ್ ಬಡಾವಣೆಗಳನ್ನು ಸಂಪೂರ್ಣ ಮುಚ್ಚಿದ್ದರು; ಮತ್ತೆ ತೆರೆದದ್ದು ಜುಲೈನಲ್ಲಿ. ಮೂರು ತಿಂಗಳು ನಾಲ್ಕು ಗೋಡೆಯೊಳಗೆ ಕಳೆದವರಿಗೆ ಬಯಲಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕ್ಯಾಂಪಿನ ಪರವಾನಗಿ ಸಿಗುವುದು ಕುವೈತಿ ಪ್ರಜೆಗಳಿಗೆ. ನಮ್ಮವರು ನಾಲ್ಕಾರು ಮನೆ ಸೇರಿ ಪರವಾನಗಿ ಇರುವ ಕ್ಯಾಂಪನ್ನು ಒಂದೆರಡು ದಿನದ ಬಾಡಿಗೆಗೆ ಹಿಡಿಯುತ್ತಾರೆ, ಇಲ್ಲವೇ ಕುವೈತಿ ಸ್ನೇಹಿತರ ಬಿಡಾರಕ್ಕೆ ಅತಿಥಿಗಳಾಗಿ ಹೋಗುತ್ತಾರೆ. 2007ರಿಂದ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಗುರುವಾರ ಸಂಜೆಯೇ ಹೊರಡುವ ಗಡಿಬಿಡಿ. ಫೆಬ್ರವರಿ 25ರ ರಾಷ್ಟ್ರೀಯ ದಿನ ಮತ್ತು 26ರ ವಿಮೋಚನಾ ದಿನದ ರಜೆಗಳಲ್ಲಂತೂ ಜಾಗ ಸಿಗುವುದೇ ಕಷ್ಟ. ಡಿಕ್ಕಿಯಲ್ಲಿ ಬಿರಿಯಾನಿ ಹಂಡೆ, ಕಂಬಳಿ, ಕ್ರಿಕೆಟ್ ಬ್ಯಾಟುಗಳ ಜೊತೆ ಈಗ ಒಂದು ಟಿ.ವಿ., ಒಂದು ಸ್ಪೀಕರ್, ಒಂದು ರೂಟರ್ ಕೂಡ ಇರುತ್ತದೆ.

ಈ ಮೂರನ್ನೂ ಹೊತ್ತೊಯ್ದವರಲ್ಲಿ ಹಲವರಿಗೆ ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಕೈಕೊಡುತ್ತದೆ. ಕೆಲವರಿಗೆ ಚಿತ್ರ ಬರುತ್ತದೆ, ಮಾತು ಅರ್ಥವಾಗುವುದಿಲ್ಲ. ಮನೆಯ ಕ್ರಮವನ್ನೇ ಕ್ಯಾರವಾನಿಗೂ ತಂದರೆ ಆಗುವುದು ಹೀಗೆ. ಮನೆಯಲ್ಲಿ ಮೊದಲು ಟಿ.ವಿ. ಎಷ್ಟು ಇಂಚು ಎಂದು ಕೇಳುತ್ತೇವೆ, ಸ್ಪೀಕರಿನ ಯೋಚನೆ ಆಮೇಲೆ, ಕರೆಂಟಿನ ಯೋಚನೆ ಮಾಡುವುದೇ ಇಲ್ಲ. ಮರಳುಗಾಡಿನಲ್ಲಿ ಈ ಸಾಲು ತಿರುಗಬೇಕು: ಮೊದಲು ವಿದ್ಯುತ್ತು, ಆಮೇಲೆ ಧ್ವನಿ, ಕೊನೆಗೆ ಪರದೆ. ಡೇರೆ ಮೇಳದವರು ಇದನ್ನು ಹಿಂದೆಯೇ ಅರಿತಿದ್ದರು. ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಊರಿಂದೂರಿಗೆ ರಂಗಸ್ಥಳವನ್ನು ಲಾರಿಯಲ್ಲಿ ಹೊತ್ತು ತಿರುಗಿದಾಗ ಜನರೇಟರಿಗೂ ಮೈಕಿಗೂ ಇದ್ದ ಮಹತ್ವ ಕಿರೀಟ, ಭುಜಕೀರ್ತಿಗಳಿಗಿಂತ ಕಡಿಮೆಯದಾಗಿರಲಿಲ್ಲ.

ಟೂ-ಇನ್-ವನ್ ಕಾಲ

ಕುವೈತಿಗೂ ಕರಾವಳಿಯ ಕಿವಿಗೂ ನಂಟು ಹಳೆಯದು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಲ್ಫಿನಿಂದ ರಜೆಗೆ ಬಂದವರ ಸಾಮಾನಿನಲ್ಲಿ ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ಎರಡೂ ಇದ್ದ ಟೂ-ಇನ್-ವನ್ ಇಲ್ಲದಿದ್ದರೆ ಊರಿನವರಿಗೆ ಸಮಾಧಾನವಿರುತ್ತಿರಲಿಲ್ಲ. ಮರಳಿ ಹೋಗುವಾಗ ಅದೇ ಪೆಟ್ಟಿಗೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ, ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟುಗಳು ಉಪ್ಪಿನಕಾಯಿ ಭರಣಿಯ ಪಕ್ಕ ಕೂರುತ್ತಿದ್ದವು. ಆಕಾಶವಾಣಿಯ ವಿದೇಶ ಸೇವೆ ಕೊಲ್ಲಿ ದೇಶಗಳಿಗೆ ಶಾರ್ಟ್‌ವೇವ್‌ನಲ್ಲಿ ಕನ್ನಡ ಕಾರ್ಯಕ್ರಮವನ್ನೂ ಬಿತ್ತರಿಸುತ್ತಿತ್ತು.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಬ್ಯಾಟರಿಯ ಮೇಲೆ ನಡೆಯುವ ಶಾರ್ಟ್‌ವೇವ್ ರೇಡಿಯೋ ಮನರಂಜನೆಯ ಸಾಮಾನಾಗಿ ಉಳಿಯಲಿಲ್ಲ. ಹೊರಗಿನ ಸುದ್ದಿ ಒಳಗೆ ಬರುತ್ತಿದ್ದ ಮುಖ್ಯ ದಾರಿ ಅದೇ ಆಯಿತು. ಮುಂದಿನ ಎರಡು ತಿಂಗಳಲ್ಲಿ ಸುಮಾರು 1.70 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ಹೆಚ್ಚಿನವರು ಹತ್ತಿದ್ದು ಜೋರ್ಡಾನಿನ ಅಮ್ಮಾನ್‌ನಿಂದ. ಯುದ್ಧವಿಲ್ಲದ ಕಾಲಕ್ಕೂ ಆಪತ್ತು ತಪ್ಪಿದ್ದಲ್ಲ: 2018ರ ನವೆಂಬರಿನಲ್ಲಿ ಸುರಿದ ಮಳೆ ಕುವೈತಿನ ರಸ್ತೆಗಳನ್ನೇ ಮುಳುಗಿಸಿತ್ತು. ಕ್ಯಾರವಾನಿನಲ್ಲಿ ಏನಿಲ್ಲದಿದ್ದರೂ ಸೆಲ್ ಹಾಕಿ ಕೇಳುವ ಒಂದು ಸಣ್ಣ ರೇಡಿಯೋ ಇರಲಿ ಎಂದು ಹಳಬರು ಹೇಳುವುದರ ಹಿಂದೆ ಇಂಥ ಅನುಭವಗಳಿವೆ.

ಮೊದಲು ಬ್ಯಾಟರಿಯ ಲೆಕ್ಕ

ಲೆಕ್ಕ ಬಹಳ ಸರಳ. 12 ವೋಲ್ಟಿನ, 100 ಆಂಪಿಯರ್-ಅವರಿನ ಒಂದು ಲೆಡ್-ಆಸಿಡ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,200 ವಾಟ್-ಅವರ್ ಶಕ್ತಿಯಿದೆ. ಅದನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡುತ್ತ ಹೋದರೆ ಬ್ಯಾಟರಿಯ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು ಸುಮಾರು 600. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನಿಶ್ಚಿಂತೆಯಿಂದ 1,000 ವಾಟ್-ಅವರ್ ಬಳಸಬಹುದು. ಬೆಲೆ ಜಾಸ್ತಿ, ಭಾರ ಅರ್ಧಕ್ಕಿಂತಲೂ ಕಡಿಮೆ.

ಈಗ ಖರ್ಚಿನ ಕಡೆ. 24 ಇಂಚಿನ 12 ವೋಲ್ಟ್ ಎಲ್‌ಇಡಿ ಟಿ.ವಿ. ಸುಮಾರು 30 ವಾಟ್ ಎಳೆಯುತ್ತದೆ. ನಾಲ್ಕು ಗಂಟೆಗೆ 120 ವಾಟ್-ಅವರ್. ರೂಟರಿಗೆ 10 ವಾಟ್ ಎಂದರೆ ಆರು ಗಂಟೆಗೆ 60. ಸಣ್ಣ ಸೌಂಡ್‌ಬಾರ್ 15 ವಾಟ್, ನಾಲ್ಕು ಗಂಟೆಗೆ 60. ಎಲ್‌ಇಡಿ ದೀಪಗಳು ಒಟ್ಟು 20 ವಾಟ್, ಆರು ಗಂಟೆಗೆ 120. ಮೊತ್ತ 360. ಹಳೆಯ ಬಗೆಯ ಒಂದೇ ಬ್ಯಾಟರಿಯಲ್ಲಿ ಒಂದು ರಾತ್ರಿ ಹಾಯಾಗಿ ಕಳೆಯುತ್ತದೆ. ಇದೇ ಪಟ್ಟಿಗೆ 2,000 ವಾಟಿನ ರೂಮ್ ಹೀಟರ್ ಸೇರಿಸಿದರೆ ಇಪ್ಪತ್ತು ನಿಮಿಷದೊಳಗೆ ಎಲ್ಲವೂ ಮುಗಿದುಹೋಗುತ್ತದೆ. ಹೀಟರ್, ಕೆಟಲ್, ಇಸ್ತ್ರಿಪೆಟ್ಟಿಗೆಗಳಿಗೆ ಜನರೇಟರ್ ಬೇಕು. ಬ್ಯಾಟರಿ ಇರುವುದು ಹಾಡು, ಆಟ, ಬೆಳಕಿಗೆ.

ಟಿ.ವಿ.ಯನ್ನು ನೇರವಾಗಿ 12 ವೋಲ್ಟಿನಲ್ಲೇ ನಡೆಸಿದರೆ ಇನ್ವರ್ಟರಿನಲ್ಲಿ ಸೋರಿಹೋಗುವ ಹತ್ತು-ಹದಿನೈದು ಶೇಕಡ ಉಳಿಯುತ್ತದೆ. ಎಡವುವುದು ವಯರಿನಲ್ಲಿ. ಟಿ.ವಿ., ಸೌಂಡ್‌ಬಾರ್, ರೂಟರ್ ಎಲ್ಲ ಸೇರಿ 60 ವಾಟ್ ಎಂದಿಟ್ಟುಕೊಳ್ಳೋಣ. 12 ವೋಲ್ಟಿನಲ್ಲಿ ಅದು 5 ಆಂಪಿಯರ್. ಬ್ಯಾಟರಿ ಕ್ಯಾರವಾನಿನ ಮುಂಭಾಗದಲ್ಲಿ, ಟಿ.ವಿ. ಹಿಂಭಾಗದಲ್ಲಿ, ನಡುವೆ 10 ಮೀಟರ್ ವಯರು. ಕರೆಂಟು ಹೋಗಿ ಬರಬೇಕಾದ್ದರಿಂದ ದಾರಿ 20 ಮೀಟರ್. ಮನೆಯ ದೀಪಕ್ಕೆ ಎಳೆಯುವ 1.5 ಚದರ ಮಿಲಿಮೀಟರಿನ ತಾಮ್ರದ ವಯರು ಹಾಕಿದರೆ ದಾರಿಯಲ್ಲೇ 1.15 ವೋಲ್ಟ್ ಕಳೆದುಹೋಗುತ್ತದೆ. ಸಂಜೆ 12.2 ವೋಲ್ಟ್ ಇದ್ದ ಬ್ಯಾಟರಿಯಿಂದ ಟಿ.ವಿ.ಗೆ ತಲುಪುವುದು ಬರೀ 11ರ ಆಸುಪಾಸು. ಪರದೆ ಮಿಣುಕಿ ಆರುತ್ತದೆ, ಜನ ಟಿ.ವಿ.ಯನ್ನು ಬೈಯುತ್ತಾರೆ. 4 ಚದರ ಮಿಲಿಮೀಟರಿನ ವಯರು ಹಾಕಿದರೆ ನಷ್ಟ 0.43 ವೋಲ್ಟಿಗೆ ಇಳಿಯುತ್ತದೆ, ಆಟ ಮುಂದುವರಿಯುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಅದಿಲ್ಲದಿದ್ದರೆ ಎಲ್ಲಾದರೂ ವಯರು ತಾಗಿದಾಗ ಉರಿಯುವುದು ವಯರೇ. ಚಾರ್ಜಾಗುವ ಹೊತ್ತಿಗೆ ಬ್ಯಾಟರಿಯ ವೋಲ್ಟೇಜ್ 14.4ರವರೆಗೂ ಏರುತ್ತದೆ. ಅಷ್ಟನ್ನು ತಾಳದ ಟಿ.ವಿ.ಗೆ ನಡುವೆ ಒಂದು ವೋಲ್ಟೇಜ್ ರೆಗ್ಯುಲೇಟರ್ ಕೂರಿಸಬೇಕು.

ಇನ್ವರ್ಟರ್ ಬಳಸುವುದೇ ಆದರೆ ಪ್ಯೂರ್ ಸೈನ್ ವೇವ್ ಬಗೆಯದೇ ಇರಲಿ. ಅಗ್ಗದ ಇನ್ವರ್ಟರಿನ ಒರಟು ಅಲೆಗಳು ಆಂಪ್ಲಿಫೈಯರಿನೊಳಗೆ ನುಸುಳಿ, ಭಾಗವತರ ಆಲಾಪದ ಹಿಂದೆ ಜೇನುಗೂಡಿನಂಥ ಗುಂಯ್ ಎಂಬ ಸದ್ದು ಕೂರಿಸುತ್ತವೆ. ಕುವೈತಿನ ಮನೆ ಕರೆಂಟು 240 ವೋಲ್ಟ್, 50 ಹರ್ಟ್ಝ್. ಊರಿನಿಂದ ತಂದ ಪೆಟ್ಟಿಗೆಗಳಿಗೆ ಅದರಿಂದ ತೊಂದರೆಯಿಲ್ಲ. ಪ್ಲಗ್ಗು ಮಾತ್ರ ಚಪ್ಪಟೆ ಮೂರು ಕಾಲಿನ ಬ್ರಿಟಿಷ್ ಮಾದರಿಯದು. ಆ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ. ಟಿ.ವಿ.ಗೆ 3 ಆಂಪಿಯರಿನದು ಸಾಕು, 13ರದನ್ನು ತುರುಕುವ ಅಗತ್ಯವಿಲ್ಲ.

ಸೌರಫಲಕದ ವಿಷಯದಲ್ಲಿ ಮರಳುಗಾಡು ಎಂದಾಕ್ಷಣ ಬಿಸಿಲಿಗೇನು ಕೊರತೆ ಎನ್ನಿಸುವುದು ಸಹಜ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 37 ಡಿಗ್ರಿಯಷ್ಟೇ ಮೇಲೇರುತ್ತಾನೆ. ಕ್ಯಾರವಾನಿನ ಚಾವಣಿಯ ಮೇಲೆ ಮಲಗಿಸಿದ ಫಲಕಕ್ಕೆ ಆಗ ನೇರ ಬಿಸಿಲಿನ ಶೇ 60ರಷ್ಟೇ ದಕ್ಕುತ್ತದೆ. ದಕ್ಷಿಣಕ್ಕೆ ಮುಖ ಮಾಡಿ 50 ಡಿಗ್ರಿ ಎತ್ತಿ ನಿಲ್ಲಿಸಿದರೆ ಪೂರ್ತಿ ಸಿಗುತ್ತದೆ. ಬೆಳಿಗ್ಗೆ ಒಮ್ಮೆ ಒದ್ದೆ ಬಟ್ಟೆಯಿಂದ ದೂಳು ಒರೆಸುವುದನ್ನು ಮರೆಯುವ ಹಾಗಿಲ್ಲ.

ಮಾತು ಕೇಳಬೇಕು

ನಮ್ಮವರು ಕ್ಯಾಂಪಿನಲ್ಲಿ ಹಾಕುವುದೇನು? ತಾಳಮದ್ದಳೆ, ಭಾವಗೀತೆ, ಹಳೆಯ ರಾಜ್‌ಕುಮಾರ್ ಚಿತ್ರ, ತುಳು ಹಾಸ್ಯ ನಾಟಕ, ಕ್ರಿಕೆಟ್. ಇವುಗಳಲ್ಲಿ ಹೆಚ್ಚಿನವು ಮಾತಿನ ಮೇಲೆ ನಿಂತವು. ಕೃಷ್ಣ ಸಂಧಾನದ ಕೌರವನ ಮಾತಿನ ಏಟು ಕಿವಿಗೆ ಬೀಳದಿದ್ದರೆ 55 ಇಂಚಿನ ಪರದೆಯಲ್ಲಿ ಕಾಣುವ ಕಿರೀಟದಿಂದ ಏನೂ ಸಿಗದು. ಟಿ.ವಿ. ತೆಳ್ಳಗಾದಂತೆ ಅದರ ಸ್ಪೀಕರು ಹಿಂದಕ್ಕೂ ಕೆಳಕ್ಕೂ ತಿರುಗಿದೆ. ಮಾತು ಮೊದಲು ಗೋಡೆಗೆ ಬಡಿದು ಆಮೇಲೆ ನಮಗೆ ಬರುತ್ತದೆ. ಅದಕ್ಕೇ ದೊಡ್ಡ ಟಿ.ವಿ.ಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಮುಖಕ್ಕೆ ನೇರವಾಗಿ ನುಡಿಯುವ ಎರಡು ಸಣ್ಣ ಸ್ಪೀಕರುಗಳಿಗೆ ಕೊಡಬೇಕು.

ಕ್ಯಾರವಾನಿನ ಒಳಗಿನ ಅಗಲ ಸಾಮಾನ್ಯವಾಗಿ ಎರಡು ಮೀಟರಿನ ಆಸುಪಾಸು. 2.1 ಮೀಟರ್ ಅಗಲದ ಜಾಗದಲ್ಲಿ 80 ಹರ್ಟ್ಝ್ ಹತ್ತಿರದ ತಗ್ಗುಸ್ವರ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಬೇಡದಷ್ಟು ಉಬ್ಬುತ್ತದೆ. ಮೂಲೆಯಲ್ಲಿ ಸಬ್‌ವೂಫರ್ ಇಟ್ಟರೆ ಇನ್ನೂ ಹೆಚ್ಚು. ಆಗ ಮದ್ದಳೆಯ ತುಂಬುನಾದ ಕೆಸರಾಗಿ ಅರ್ಥಧಾರಿಯ ಮಾತನ್ನು ನುಂಗುತ್ತದೆ. ಸಬ್‌ವೂಫರನ್ನು ಮೂಲೆಯಿಂದ ಈಚೆಗೆ ತರುವುದು, ಬಾಸ್ ತಗ್ಗಿಸುವುದು, ಸ್ಪೀಕರಿನ ಕೆಳಗೆ ರಬ್ಬರಿನ ತುಂಡು ಇಡುವುದು: ಮೂರೂ ಕಾಸಿಲ್ಲದ ಉಪಾಯಗಳು. ಹಾಸಿಗೆ, ದಿಂಬು, ಕಂಬಳಿ ಇರುವ ಕಡೆ ದನಿ ತಾನೇ ಹದವಾಗುತ್ತದೆ.

ಬ್ಲೂಟೂತ್ ಸ್ಪೀಕರಿನ ತೊಡಕು ಬೇರೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಧ್ವನಿ ಸುಮಾರು ಐದನೇ ಒಂದು ಸೆಕೆಂಡಿನಷ್ಟು ತಡವಾಗಿ ಬರುತ್ತದೆ. ಬರೀ ಹಾಡು ಕೇಳುವಾಗ ಅದು ಗೊತ್ತೇ ಆಗದು. ಯಕ್ಷಗಾನ ನೋಡುವಾಗ ವೇಷಧಾರಿಯ ಹೆಜ್ಜೆ ನೆಲ ಮುಟ್ಟಿದ ಮೇಲೆ ಚೆಂಡೆಯ ಪೆಟ್ಟು ಕೇಳುತ್ತದೆ. ತಾಳ ಬಲ್ಲವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ವಿಡಿಯೊ ನೋಡುವಾಗ ವಯರಿನಲ್ಲಿ ಜೋಡಿಸುವುದು ಅಥವಾ ಟಿ.ವಿ.ಯ ಎಚ್‌ಡಿಎಂಐ ಆರ್ಕ್ ಕಿಂಡಿಯಿಂದ ಸೌಂಡ್‌ಬಾರಿಗೆ ಕೊಡುವುದು ಇದಕ್ಕೆ ಮದ್ದು.

ಹೊರಗೆ, ಬೆಂಕಿಯ ಸುತ್ತ ಕೂತಾಗ ನಿಯಮವೇ ಬದಲಾಗುತ್ತದೆ. ಬಯಲಿನಲ್ಲಿ ಗೋಡೆಯಿಲ್ಲ, ಮಾರ್ದನಿಯಿಲ್ಲ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 80 ಡೆಸಿಬೆಲ್ ಇದ್ದದ್ದು ಎಂಟು ಮೀಟರಿನಲ್ಲಿ 62, ಅಂದರೆ ಎದುರು ಕೂತವರ ಮಾತಿನಷ್ಟು. ಹಿಂದಿನ ಸಾಲಿಗೆ ಕೇಳಲೆಂದು ಒಂದೇ ದೊಡ್ಡ ಸ್ಪೀಕರನ್ನು ಜೋರು ಮಾಡುವ ಬದಲು ಎರಡು-ಮೂರು ಸಣ್ಣವನ್ನು ಜನರ ನಡುವೆ ಇಟ್ಟರೆ ಕಡಿಮೆ ಸದ್ದಿನಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಸದ್ದು ತಗ್ಗಿಸುವುದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ಸೂರ್ಯ ಮುಳುಗಿದ ಮೇಲೆ ಮರಳು ಬೇಗ ತಣ್ಣಗಾಗಿ ನೆಲಕ್ಕೆ ತಾಗಿದ ಗಾಳಿ ತಂಪಾಗುತ್ತದೆ, ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಇಂಥ ರಾತ್ರಿಯಲ್ಲಿ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಹಗಲು ಕೇಳಿಸದ ಹಾಡು ರಾತ್ರಿ ದೂರದ ಬಿಡಾರಕ್ಕೂ ತಲುಪುವುದು ಹೀಗೆ. ಅಲ್ಲಿ ಮಕ್ಕಳು ಮಲಗಿರಬಹುದು, ಯಾರೋ ನಮಾಜಿಗೆ ನಿಂತಿರಬಹುದು. ಅತಿಥಿಗಳಾಗಿ ಬಂದ ನೆಲದಲ್ಲಿ ಸದ್ದನ್ನು ನಮ್ಮ ಬಿಡಾರದೊಳಗೇ ಇಟ್ಟುಕೊಳ್ಳುವುದು ಮರ್ಯಾದೆಯ ಪ್ರಶ್ನೆ.

ಪರದೆಯೂ ತಟ್ಟೆಯೂ

ಒಂದೂವರೆ ಮೀಟರ್ ದೂರದಲ್ಲಿ ಕೂತು ನೋಡುವವರಿಗೆ 24 ಇಂಚು ಸಾಕು; ಆರೆಂಟು ಜನ ಸೇರುವುದಾದರೆ 32. ಟಿ.ವಿ.ಯನ್ನು ಗೋಡೆಗೆ ಕಚ್ಚಿಸುವ ತೋಳಿಗೆ ಬೀಗವಿರಬೇಕು, ಪ್ಲೈವುಡ್ಡಿನ ತೆಳು ಗೋಡೆಗೆ ಹಿಂದಿನಿಂದ ಪಟ್ಟಿ ಕೊಟ್ಟಿರಬೇಕು. ವಫ್ರಾ, ಕಬದ್, ಸಾಲ್ಮಿ ಕಡೆಯ ಮಣ್ಣುದಾರಿಯ ಕುಲುಕಾಟ ಸಾಮಾನ್ಯ ಸ್ಕ್ರೂಗಳನ್ನು ಸಡಿಲಿಸಿಬಿಡುತ್ತದೆ. ಚಾಲಕನ ಕಣ್ಣಿಗೆ ಕಾಣುವ ಕಡೆ ಪರದೆ ಕೂಡದು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕುವೈತಿನ ಹೊಸ ಸಂಚಾರ ಕಾನೂನಿನಲ್ಲಿ ಗಾಡಿ ಓಡಿಸುತ್ತ ಮೊಬೈಲ್ ಹಿಡಿದರೇ 75 ದಿನಾರ್ ದಂಡ.

ಪ್ರೊಜೆಕ್ಟರ್ ಇಷ್ಟಪಡುವವರಿಗೆ ಚಳಿಗಾಲದ ಮರಳುಗಾಡು ಒಲಿದ ಜಾಗ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಬೀದಿದೀಪಗಳಿಲ್ಲ. ಬಿಳಿ ಬೆಡ್‌ಶೀಟನ್ನು ನಾಲ್ಕೂ ಬದಿಗೆ ಬಿಗಿದು ಕಟ್ಟಿದರೆ ಸಣ್ಣ ಪ್ರೊಜೆಕ್ಟರಿನಲ್ಲೂ ಚಿತ್ರ ಎದ್ದುಬರುತ್ತದೆ. ಕಾಡುವುದು ಎರಡು: ಫ್ಯಾನಿನೊಳಗೆ ಸೇರುವ ಹಿಟ್ಟಿನಂಥ ದೂಳು ಮತ್ತು ನಡುರಾತ್ರಿ ಇಳಿಯುವ ಇಬ್ಬನಿ. ಪ್ರೊಜೆಕ್ಟರನ್ನು ನೆಲದ ಮೇಲಿಡದೆ ಮೇಜಿನೆತ್ತರಕ್ಕೆ ಏರಿಸಿ, ಆಟ ಮುಗಿದ ಮೇಲೆ ಫ್ಯಾನ್ ನಿಲ್ಲುವವರೆಗೆ ಕಾದು ಚೀಲಕ್ಕೆ ಸೇರಿಸಬೇಕು.

ಇನ್ನು ಡಿಶ್. ಕುವೈತಿಗಳ ಕ್ಯಾಂಪುಗಳಲ್ಲಿ ಕಾಣುವ ತಟ್ಟೆಗಳು ಹೆಚ್ಚಾಗಿ ಎರಡು ಉಪಗ್ರಹಗಳ ಕಡೆ ತಿರುಗಿರುತ್ತವೆ: 26 ಡಿಗ್ರಿ ಪೂರ್ವದಲ್ಲಿರುವ ಅರಬ್‌ಸ್ಯಾಟಿನ ಬದ್ರ್, 7 ಡಿಗ್ರಿ ಪಶ್ಚಿಮದಲ್ಲಿರುವ ನೈಲ್‌ಸ್ಯಾಟ್. ಮಹಬೂಲಾ ಇರುವುದು 29 ಡಿಗ್ರಿ ಉತ್ತರ, 48 ಡಿಗ್ರಿ ಪೂರ್ವದ ಸುಮಾರಿಗೆ. ಅಲ್ಲಿಂದ ಲೆಕ್ಕ ಹಾಕಿದರೆ ಬದ್ರ್ ಕಾಣುವುದು ಉತ್ತರದಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಿದ 220 ಡಿಗ್ರಿಯಲ್ಲಿ, ಅಂದರೆ ನೈರುತ್ಯದಲ್ಲಿ, ದಿಗಂತದಿಂದ 48 ಡಿಗ್ರಿ ಎತ್ತರಕ್ಕೆ. ಕುವೈತಿನಿಂದ ಮೆಕ್ಕಾದ ದಿಕ್ಕು 226 ಡಿಗ್ರಿಯ ಆಸುಪಾಸು. ನಮಾಜಿಗೆ ಚಾಪೆ ಹಾಸುವ ದಿಕ್ಕಿಗೆ ನಿಂತು ತಟ್ಟೆಯನ್ನು ಎಡಕ್ಕೆ ಒಂದಿಷ್ಟು ಸರಿಸಿದರೆ ಬದ್ರ್ ಹತ್ತಿರಕ್ಕೆ ಬಂದ ಹಾಗೆಯೇ. ನೈಲ್‌ಸ್ಯಾಟ್ ಮಾತ್ರ ಪಶ್ಚಿಮಕ್ಕೆ ವಾಲಿಕೊಂಡು ಬರೀ 22 ಡಿಗ್ರಿ ಎತ್ತರದಲ್ಲಿದೆ. ಪಕ್ಕದ ದೊಡ್ಡ ಡೇರೆ, ಲಾರಿ ಅಡ್ಡವಾದರೆ ಸಿಗ್ನಲ್ ಹೋಯಿತು.

ತಟ್ಟೆ ಕೂರಿಸುವಾಗ ಕ್ರಮ ತಪ್ಪಬಾರದು. ಮೊದಲು ಮುಕ್ಕಾಲಿಯ ಕಂಬ ನೇರವಾಗಿ ನಿಂತಿದೆಯೇ ಎಂದು ರಸಮಟ್ಟದಿಂದ ನೋಡಬೇಕು. ಕಂಬ ಓರೆಯಾದರೆ ಆಮೇಲಿನ ಯಾವ ಅಳತೆಯೂ ಕೂಡಿಬರದು. ಕಾಲುಗಳ ಮೇಲೆ ಮರಳುಚೀಲ ಹೇರಬೇಕು. ಎತ್ತರದ ಕೋನವನ್ನು ಗುರುತಿಗೆ ಕೂರಿಸಿ, ತಟ್ಟೆಯನ್ನು ಎಡದಿಂದ ಬಲಕ್ಕೆ ಬೆರಳಗಲದಷ್ಟು ಮಾತ್ರ ತಿರುಗಿಸಿ, ಪ್ರತಿಸಲ ಎರಡು ಸೆಕೆಂಡು ನಿಲ್ಲಬೇಕು. ಡಿಜಿಟಲ್ ರಿಸೀವರ್ ಸಿಗ್ನಲನ್ನು ಗುರುತಿಸಲು ಅಷ್ಟು ಹೊತ್ತು ಬೇಕು. ಅವಸರದಿಂದ ತಿರುಗಿಸುವವರು ಉಪಗ್ರಹವನ್ನು ದಾಟಿ ಹೋಗಿ, ಸಿಗಲಿಲ್ಲವೆಂದು ಮತ್ತೆ ಮೊದಲಿನಿಂದ ಹುಡುಕುತ್ತಾರೆ.

ಕನ್ನಡ ಬರುವ ದಾರಿ

ಕನ್ನಡದ ವಾಹಿನಿಗಳು ಈಗ ಹೆಚ್ಚಾಗಿ ಅಂತರ್ಜಾಲದ ಮೂಲಕವೇ ಬರುತ್ತವೆ. ಕುವೈತಿನಲ್ಲಿ ಝೈನ್, ಊರೆದೂ, ಎಸ್‌ಟಿಸಿ ಎಂಬ ಮೂರು ಮೊಬೈಲ್ ಕಂಪನಿಗಳಿವೆ, 5ಜಿ 2019ರಲ್ಲೇ ಬಂದಿದೆ. ಊರಿನ ಅಂಚು ದಾಟಿದಂತೆ ಸಿಗ್ನಲ್ ತೆಳುವಾಗುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಹೊದಿಕೆಯ ಕ್ಯಾರವಾನ್ ರೇಡಿಯೋ ಅಲೆಗಳನ್ನು ಒಳಗೆ ಬಿಡದ ಡಬ್ಬಿಯಾಗಿಬಿಡುತ್ತದೆ. ಹೊರಗೆ ನಾಲ್ಕು ಕಡ್ಡಿ ತೋರಿಸುವ ಮೊಬೈಲು ಬಾಗಿಲು ಹಾಕಿದೊಡನೆ ಒಂದಕ್ಕೆ ಇಳಿಯುತ್ತದೆ. ರೂಟರನ್ನು ಗಾಜಿನ ಕಿಟಕಿಯ ಬದಿಗೆ ಇಡುವುದು, ಸಾಧ್ಯವಾದರೆ ಚಾವಣಿಯ ಮೇಲೆ ಆಂಟೆನಾ ಕೂರಿಸಿ ವಯರಿನಲ್ಲಿ ಒಳಗೆ ತರುವುದು ಒಳ್ಳೆಯದು.

ಸಾಮಾನ್ಯ ಗುಣಮಟ್ಟದಲ್ಲಿ ಒಂದು ಗಂಟೆಯ ವಿಡಿಯೊಗೆ ಸುಮಾರು 1 ಜಿಬಿ, ಎಚ್‌ಡಿಯಲ್ಲಿ 3 ಜಿಬಿಯವರೆಗೆ ಡೇಟಾ ಬೇಕು. 24 ಇಂಚಿನ ಪರದೆಗೆ ಸಾಮಾನ್ಯ ಗುಣಮಟ್ಟ ಧಾರಾಳ. ಅದಕ್ಕಿಂತ ಜಾಣತನವೆಂದರೆ ಗುರುವಾರ ಬೆಳಿಗ್ಗೆ ಮಹಬೂಲಾದ ಮನೆಯ ವೈಫೈಯಲ್ಲೇ ಎರಡು ಸಿನಿಮಾ, ಮಕ್ಕಳ ಕಾರ್ಟೂನು, ಹಾಡುಗಳನ್ನು ಆಯಾ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು. ನ್ಯೂಸ್‌ಆನ್‌ಏರ್ ಆ್ಯಪಿನಲ್ಲಿ ಆಕಾಶವಾಣಿ ಕೇಂದ್ರಗಳು ಕೇಳಸಿಗುತ್ತವೆ. ಬರೀ ಧ್ವನಿಗೆ ಖರ್ಚಾಗುವ ಡೇಟಾ ಅತ್ಯಲ್ಪ, ತೆಳು ಸಿಗ್ನಲಿನಲ್ಲೂ ಕಡಿಯದೆ ಬರುತ್ತದೆ. ಅಗ್ಗಕ್ಕೆ ಸಾವಿರ ಚಾನೆಲ್ ತೋರಿಸುವ ಕಳ್ಳ ಪೆಟ್ಟಿಗೆಗಳಿಂದ ದೂರ ಇರಬೇಕು. ಪರದೇಶದಲ್ಲಿ ಕಾನೂನಿನ ಉಸಾಬರಿ ಮೈಮೇಲೆ ಎಳೆದುಕೊಳ್ಳುವುದು ಯಾರಿಗೂ ಬೇಡ, ಕಲಾವಿದರ ಅನ್ನಕ್ಕೂ ಅದು ಕಲ್ಲು.

ಕಾಲದ ಅಂತರ ಮಾತ್ರ ನಮ್ಮ ಪರವಾಗಿದೆ. ಕುವೈತಿನ ಗಡಿಯಾರ ಭಾರತದ್ದಕ್ಕಿಂತ ಎರಡೂವರೆ ಗಂಟೆ ಹಿಂದೆ. ಕುಂದಾಪುರದ ಬಯಲಿನಲ್ಲಿ ರಾತ್ರಿ ಹತ್ತಕ್ಕೆ ಏರುವ ಆಟದ ನೇರಪ್ರಸಾರ ಮರಳುಗಾಡಿನಲ್ಲಿ ಸಂಜೆ ಏಳೂವರೆಗೆ ಶುರು. ಊರಿನ ನಡುರಾತ್ರಿಯ ರಂಗೇರಿದ ಪ್ರಸಂಗವನ್ನು ಇಲ್ಲಿ ಒಂಬತ್ತೂವರೆಗೆ ಊಟ ಮಾಡುತ್ತ ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಬಹುದು. ಮಂಗಾಫಿನ ಶಾಲೆಯಲ್ಲಿ ಇಂಗ್ಲಿಷು, ಅರಬ್ಬಿ ಕಲಿಯುವ ಮಕ್ಕಳ ಕಿವಿಗೆ ಹದವಾದ ಕನ್ನಡದ ಅರ್ಥಗಾರಿಕೆ ಬೀಳುವುದು ಇಂಥ ಸಂಜೆಗಳಲ್ಲೇ. ಒಂದು ಒಳ್ಳೆಯ ಸ್ಪೀಕರಿಗಾಗಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಅದಕ್ಕಾಗಿ.

ಜೀವಕ್ಕಿಂತ ಹೆಚ್ಚಲ್ಲ

2024ರ ಜೂನ್ 12ರ ಬೆಳಗಿನ ಜಾವ ಮಹಬೂಲಾದ ಹತ್ತಿರದ ಮಂಗಾಫಿನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ 45 ಭಾರತೀಯರು ಪ್ರಾಣ ಬಿಟ್ಟರು. ಅವರಲ್ಲಿ ಕರ್ನಾಟಕದವರೊಬ್ಬರೂ ಇದ್ದರು. ನೆಲಮಹಡಿಯ ಕಾವಲುಗಾರನ ಕೋಣೆಯಲ್ಲಾದ ವಿದ್ಯುತ್ ಶಾರ್ಟ್ ಸರ್ಕ್ಯೂಟು ಬೆಂಕಿಗೆ ಕಾರಣವೆಂದು ಅಲ್ಲಿನ ಅಗ್ನಿಶಾಮಕ ದಳ ಹೇಳಿತು. ಪ್ಲೈವುಡ್ಡು, ಫೋಮು, ಪರದೆಗಳಿಂದಲೇ ಆದ ಕ್ಯಾರವಾನಿನಲ್ಲಿ ಇಂಥ ಕಿಡಿ ನಮಗೆ ಕೊಡುವ ಕಾಲಾವಕಾಶ ಇನ್ನೂ ಕಡಿಮೆ. ಒಂದರ ಮೇಲೊಂದು ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸುವುದು, ಕಾರ್ಪೆಟ್ಟಿನಡಿ ವಯರು ಎಳೆಯುವುದು, ಮಲಗುವ ಕಡೆ ಚಾರ್ಜಿಗೆ ಹಾಕಿ ಮರೆಯುವುದು ಬೇಡವೇ ಬೇಡ. ಬಾಗಿಲ ಹತ್ತಿರ ಒಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಕಣ್ಣಿಗೆ ಕಾಣದ ಶತ್ರು ಕಾರ್ಬನ್ ಮೊನಾಕ್ಸೈಡ್. ಟಿ.ವಿ.ಗೆಂದು ಓಡಿಸುವ ಜನರೇಟರನ್ನು ಸದ್ದು ಕಡಿಮೆಯಾಗಲೆಂದು ಕ್ಯಾರವಾನಿನ ಮಗ್ಗುಲಿಗೆ, ಡೇರೆಯ ಮರೆಗೆ ತರುವವರಿದ್ದಾರೆ. ಚಳಿಗೆ ಕೆಂಡದ ಒಲೆಯನ್ನು ಒಳಗಿಟ್ಟು ಬಾಗಿಲು ಹಾಕಿ ಸಿನಿಮಾ ನೋಡುತ್ತ ನಿದ್ದೆಗೆ ಜಾರುವವರೂ ಇದ್ದಾರೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಜನರೇಟರ್, ಗಾಳಿ ಹೊಗೆಯನ್ನು ಬಿಡಾರದಿಂದ ಆಚೆಗೆ ಒಯ್ಯುವ ಕಡೆಗೆ ಹೊಗೆಕೊಳವೆ ತಿರುಗಿಸಿಕೊಂಡು ದೂರದಲ್ಲೇ ಇರಬೇಕು, ಕೆಂಡ ಹೊರಗೇ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಸಿಗುತ್ತದೆ. ಸಾಮಾನಿನ ಪಟ್ಟಿಯಲ್ಲಿ ಅದನ್ನು ಸ್ಪೀಕರಿಗಿಂತ ಮೇಲೆ ಬರೆಯಬೇಕು.

ಕುವೈತಿಗೇ ಸೇರಿದ ಒಂದು ಎಚ್ಚರವೂ ಇದೆ. 1990-91ರ ಯುದ್ಧದ ನೆಲಬಾಂಬು, ಸಿಡಿಯದ ಗುಂಡುಗಳು ಮರಳಿನಡಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅಪರಿಚಿತ ವಸ್ತು ಮುಟ್ಟಬೇಡಿ ಎಂದು ಅಧಿಕಾರಿಗಳು ಕ್ಯಾಂಪಿಗರಿಗೆ ಹೇಳುತ್ತಲೇ ಬಂದಿದ್ದಾರೆ. ಜನರೇಟರಿಗೆ ಅರ್ಥಿಂಗ್ ಕಡ್ಡಿ ಹೊಡೆಯುವವರು, ಪರದೆಗೆ ಗೂಟ ನೆಡುವವರು ಅನುಮತಿ ಇರುವ, ಜನ ಬಳಸಿದ ಜಾಗದಲ್ಲೇ ಹೊಡೆಯಬೇಕು. ಮಕ್ಕಳು ಮರಳು ತೋಡಿ ತಂದ ತುಕ್ಕುಹಿಡಿದ ಡಬ್ಬಿ ಆಟದ ಸಾಮಾನಲ್ಲ.

ಮಾರ್ಚ್ ಬಂದಾಗ

ಋತು ಮುಗಿಯುವ ಹೊತ್ತಿಗೆ ಮಾಡಬೇಕಾದ ಕೆಲಸವನ್ನು ಬಹಳ ಜನ ಮರೆಯುತ್ತಾರೆ, ನವೆಂಬರಿನಲ್ಲಿ ಹೊಸ ಟಿ.ವಿ. ಕೊಳ್ಳುತ್ತಾರೆ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ದಾಖಲಾದ ಉಷ್ಣಾಂಶ 53.9 ಡಿಗ್ರಿ ಎಂದು ವಿಶ್ವ ಹವಾಮಾನ ಸಂಸ್ಥೆ ದೃಢಪಡಿಸಿದೆ. ಅದು ನೆರಳಿನ ಲೆಕ್ಕ. ಬಿಸಿಲಿಗೆ ನಿಂತ ಮುಚ್ಚಿದ ಗಾಡಿಯೊಳಗೆ ಅದಕ್ಕಿಂತ ಬಹಳ ಹೆಚ್ಚು. ಎಲ್‌ಸಿಡಿ ಪರದೆಯನ್ನು ಇಟ್ಟುಕೊಳ್ಳಲು ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಹಾಗಾಗಿ ಟಿ.ವಿ., ಪ್ರೊಜೆಕ್ಟರ್, ರೂಟರ್, ಸ್ಪೀಕರುಗಳೆಲ್ಲ ಮಾರ್ಚ್ ಎರಡನೇ ವಾರಕ್ಕೆ ಮಹಬೂಲಾದ ಮನೆಗೆ ಮರಳಬೇಕು. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಲೆಡ್-ಆಸಿಡ್ಡನ್ನು ಪೂರ್ತಿ ಚಾರ್ಜಿನಲ್ಲಿ ತಂಪಾದ ಕಡೆ ಇಡಬೇಕು. ಲಿಥಿಯಂ ಬ್ಯಾಟರಿಗೆ ವಿರುದ್ಧ ತುದಿಯ ಮಿತಿಯೂ ಉಂಟು: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಸಾಲ್ಮಿ ಕಡೆಯ ಜನವರಿಯ ಕೆಲವು ಬೆಳಗುಗಳಲ್ಲಿ ಚಳಿ ಆ ಗೆರೆಯ ಹತ್ತಿರಕ್ಕೆ ಬರುವುದುಂಟು. ಬಿಸಿಲೇರಿದ ಮೇಲೆ ಸೌರಫಲಕ ಜೋಡಿಸಿದರೆ ಸಾಕು.

ಹೊಸದಾಗಿ ಶುರುಮಾಡುವವರು ಎಲ್ಲವನ್ನೂ ಒಮ್ಮೆಲೇ ಕೊಳ್ಳಬೇಕಾಗಿಲ್ಲ. ಅಲ್ ರೈಯಲ್ಲಿರುವ ಶುಕ್ರವಾರದ ಸಂತೆಯಲ್ಲಿ ಹಳೆಯ ಡಿಶ್, ಮುಕ್ಕಾಲಿ, ಕ್ಯಾಂಪಿನ ಸಾಮಾನು ಸಿಗುತ್ತದೆ. ಬ್ಯಾಟರಿ, ಫ್ಯೂಸ್, ವಯರು ಮಾತ್ರ ಹೊಸದೇ ಇರಬೇಕು. ಮೊದಲ ವರ್ಷಕ್ಕೆ ಒಂದು ಬ್ಯಾಟರಿ, 4 ಚದರ ಮಿಲಿಮೀಟರಿನ ವಯರು, ಒಂದು ಅಲಾರಂ, ಎರಡು ಒಳ್ಳೆಯ ಸ್ಪೀಕರು. ಪರದೆಗೆ ಮನೆಯಲ್ಲಿರುವ ಟ್ಯಾಬ್ಲೆಟ್ಟೇ ನಡೆಯುತ್ತದೆ. ಹೊರಡುವ ಹಿಂದಿನ ರಾತ್ರಿ ಅಪಾರ್ಟ್‌ಮೆಂಟಿನ ಹಜಾರದಲ್ಲೇ ಎಲ್ಲವನ್ನೂ ಬ್ಯಾಟರಿಗೆ ಜೋಡಿಸಿ ಎರಡು ಗಂಟೆ ಓಡಿಸಿ ನೋಡಿದರೆ ಯಾವ ವಯರು ಬಿಸಿಯಾಗುತ್ತದೆ, ಯಾವ ಪಿನ್ನು ಸಡಿಲವಿದೆ, ಯಾವ ರಿಮೋಟಿಗೆ ಸೆಲ್ ಇಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಕೆಳಗಿನ ಬಕಾಲದಲ್ಲಿ, ಅಂದರೆ ಕಿರಾಣಿ ಅಂಗಡಿಯಲ್ಲಿ, ಸೆಲ್ ಸಿಗುತ್ತದೆ. ವಫ್ರಾದ ಆಚೆ ಸಿಗುವುದಿಲ್ಲ.